ಹರಳಿಗೆ ಹಚ್ಚಿದ ಕುಂಕುಮ

ಜರ್ಮನಿಗೆ ಹೋಗಿ ಬಂದ ಮೇಲೆ ಓಣಿಯವರೆಲ್ಲ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ನೋಡಲಿಕ್ಕೆ ಹೋದವಳಲ್ಲ. ಮಗ್ಗ ನಡೆಸಲಿಕ್ಕೆ ಹೋದವಳು. ನಡುವೆ ಕಣ್ಣಿಗೆ ಬಿದ್ದದ್ದನ್ನು ನೋಡಿದೆ, ಅಷ್ಟೇ.

ನನ್ನ ಮೊಮ್ಮಗಳು ಸವಿತಾ, ಮಗ ಶಿವಾನಂದನ ಮಗಳು, ಮೂರು ವರ್ಷದಿಂದ ಅಲ್ಲಿ ಒಂದು ಹರಳಿನ ಬೆನ್ನು ಹತ್ತಿದ್ದಾಳೆ. ಉಗುರಿನಷ್ಟು ಹರಳು. ಅದನ್ನು ಮಗ್ಗಕ್ಕೆ ಅಂಟಿಸಿದರೆ ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಬರುವ ಎಳೆ, ಎಷ್ಟು ಬಿಗಿ ಇದೆ, ಎಷ್ಟು ಸಡಿಲ ಇದೆ ಎಂದು ಅದು ಹೇಳುತ್ತದೆ. ಹೇಳಿದ್ದನ್ನು ಕೇಳಿ ಒಂದು ಪೆಟ್ಟಿಗೆ ಬೀಮನ್ನು, ಹಾಸು ಸುತ್ತಿದ ದೊಡ್ಡ ಉರುಳೆಯನ್ನು, ಬೇಕಾದಷ್ಟು ಬಿಡುತ್ತದೆ. ನಮ್ಮ ಇಚಲಕರಂಜಿಯಲ್ಲಿ ಈ ಕೆಲಸವನ್ನು ಬೀಮಿಗೆ ಕಟ್ಟಿದ ಹಗ್ಗ ಮತ್ತು ಕಬ್ಬಿಣದ ಗುಂಡು ಮಾಡುತ್ತವೆ, ಮೇಲೊಂದು ಮನುಷ್ಯನ ಕೈ ಬೇಕು. ಯಂತ್ರದ ಕಂಪನಿಯೊಂದು ಈ ಹರಳನ್ನು ನೋಡಲಿಕ್ಕೆ ಬರುವುದಿತ್ತು. ಅವರು ಹೂಂ ಎಂದರೆ ಸವಿತಾಳ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಮೂರು ವರ್ಷದ್ದೆಲ್ಲ ಕಟ್ಟಿ ಇಟ್ಟು ಮನೆಗೆ ಬರಬೇಕು. ಆ ಕಂಪನಿಯವರದು ಒಂದೇ ಹಟ. ಹರಳನ್ನು ಹೊಸ ಮಗ್ಗದ ಮೇಲೆ ತೋರಿಸಬೇಡಿ, ಇಚಲಕರಂಜಿಯಂಥ ಹಳೇ ಮಗ್ಗದ ಮೇಲೆ, ಅಲ್ಲಿಯದೇ ನೂಲು ಹಾಕಿ, ಅಲ್ಲಿಯವರೇ ನಡೆಸಿ ತೋರಿಸಿ ಎಂದಿದ್ದರು.

ಸವಿತಾ ಅಪ್ಪನನ್ನು ಕರೆದಳು. ಶಿವಾನಂದ ಎದ್ದು ಹೋದರೆ ಇಲ್ಲಿ ಕರೆಂಟಿನ ಎಂಟು ಮಗ್ಗ ನಿಲ್ಲುತ್ತವೆ. ಹೇಗೆ ಬರಲಿ ಎಂದು ಅವನು ಫೋನಿನಲ್ಲಿ ಕೇಳಿದ. ಗಂಡ ಸತ್ತ ಮೇಲೆ ಹತ್ತು ವರ್ಷ ನಾನೇ ಮಗ್ಗ ನಡೆಸಿದವಳು. ಫೋನನ್ನು ಕಸಿದುಕೊಂಡು ನಾ ಬರ್ತೇನಿ ಎಂದೆ.

"ಆಯಿ, ಇದು ಗಡಹಿಂಗ್ಲಜದ ಸಂತಿ ಅಲ್ಲ" ಎಂದಳು ಸವಿತಾ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ.

"ಅಲ್ಲಿ ಮಗ್ಗ ಕೈಕಾಲಲೆ ನಡೀತೈತೋ, ಮಂತ್ರದಿಂದ ನಡೀತೈತೋ?"

"ಕೈಕಾಲಲೇ."

"ಹಂಗಾರ ಟಿಕೀಟ ತಗೀ."

ಗಡಹಿಂಗ್ಲಜ

ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ದಾಖಲೆ ಬೇಕು ಎಂದರು. ನಾನು ಹುಟ್ಟಿದ್ದು ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ, ಅವ್ವ ಸೇಂಗಾ ಕೀಳುತ್ತಿದ್ದ ಕಾಲಕ್ಕೆ. ಅದನ್ನು ಬಿಟ್ಟು ಬೇರೆ ದಾಖಲೆ ಇಲ್ಲ. ಮೂರನೇ ಇಯತ್ತೆಯವರೆಗೆ ಅಲ್ಲಿಯ ಕನ್ನಡ ಶಾಲೆಗೆ ಹೋಗಿದ್ದೆ. ಆ ಶಾಲೆ ಈಗ ಮರಾಠಿಯದಾಗಿದೆ. ಮಾಸ್ತರ ಎಳೇ ವಯಸ್ಸಿನವನು. ಮೂಗಿಗೆ ಟವೆಲ್ ಕಟ್ಟಿಕೊಂಡು ತಾನೇ ಅಟ್ಟ ಹತ್ತಿ ಹಳೇ ರಜಿಸ್ಟರುಗಳನ್ನು ಇಳಿಸಿದ. ಅವನಿಗೆ ಕನ್ನಡ ಅಕ್ಷರ ಬಾರದು, ನನಗೆ ಓದು ನಿಧಾನ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ನಾನು ಬೆರಳಿಟ್ಟು ಒಂದೊಂದು ಹೆಸರು ಕೂಡಿಸಿ ಓದಿದೆ, ಅವನು ಪುಟ ತಿರುವಿದ.

ಕಸ್ತೂರಿ ಎಂಬ ಹೆಸರು ಸಿಕ್ಕಿತು. ಹುಟ್ಟಿದ್ದು ಜೂನ್ ಒಂದು ಎಂದಿತ್ತು. ಮೇಲಿನ ಹುಡುಗನೂ ಜೂನ್ ಒಂದು, ಕೆಳಗಿನ ಹುಡುಗಿಯೂ ಜೂನ್ ಒಂದು. ಆ ವರ್ಷ ಶಾಲೆಗೆ ಸೇರಿದ ಹನ್ನೊಂದು ಮಕ್ಕಳನ್ನೂ ನಮ್ಮ ಹಳೇ ಮಾಸ್ತರರು ಒಂದೇ ದಿನ ಹುಟ್ಟಿಸಿಬಿಟ್ಟಿದ್ದರು. ನನ್ನ ಗೆಳತಿಯರ ಹೆಸರುಗಳನ್ನೂ ಓದಿದೆ. ಈಗ ಯಾರಿದ್ದಾರೋ ಯಾರಿಲ್ಲವೋ. ಎಳೇ ಮಾಸ್ತರ ದಾಖಲೆ ಬರೆದು, ಶಿಕ್ಕಾ ಒತ್ತಿ, ಬಸ್ಸಿನವರೆಗೆ ತನ್ನ ಗಾಡಿಯ ಮೇಲೆ ಬಿಟ್ಟು ಬಂದ. ಚಹಾ ಸಹ ಕುಡಿಯಲಿಲ್ಲ. ಅವನು ಅಂದು ಬೇಸರಪಟ್ಟು ನಾಳೆ ಬನ್ನಿ ಎಂದಿದ್ದರೆ ನಾನು ಮತ್ತೆ ಹೋಗುತ್ತಿರಲಿಲ್ಲ, ಖರೇ ಹೇಳುತ್ತೇನೆ.

ಕೊಲ್ಹಾಪುರ

ಕೊಲ್ಹಾಪುರದ ಪಾಸ್‌ಪೋರ್ಟ್ ಆಫೀಸಿನಲ್ಲಿ ಬೆರಳಿನ ಗುರುತು ತೆಗೆಯುವ ಯಂತ್ರ ನನ್ನನ್ನು ಒಪ್ಪಲಿಲ್ಲ. ಒತ್ತಿದೆ, ಇಲ್ಲ. ಒರೆಸಿ ಒತ್ತಿದೆ, ಇಲ್ಲ. ಹನ್ನೆರಡನೇ ವಯಸ್ಸಿಗೆ ಕಾಂಡಿ ಸುತ್ತಲು ಕೂತವಳು ನಾನು. ಲಾಳಿಯೊಳಗೆ ಇಡುವ ನೂಲಿನ ಕಡ್ಡಿಗೆ ನಾವು ಕಾಂಡಿ ಎನ್ನುತ್ತೇವೆ. ಐವತ್ತು ವರ್ಷ ನೂಲು ಹಾಯ್ದು ಹಾಯ್ದು ಬೆರಳಿನ ಗೆರೆಗಳೆಲ್ಲ ಸವೆದು ಹೋಗಿವೆ. ಹಿಂದಿನ ಸಾಲಿನವರು ಗೊಣಗತೊಡಗಿದರು. ಕೂತಿದ್ದ ಹುಡುಗಿ ಮಾತ್ರ ಸಿಟ್ಟು ಮಾಡಲಿಲ್ಲ. ತನ್ನ ಪರ್ಸಿನಿಂದ ಕ್ರೀಮು ತೆಗೆದು ನನ್ನ ಹತ್ತೂ ಬೆರಳಿಗೆ ಹಚ್ಚಿ ತಿಕ್ಕಿದಳು. ಎರಡು ನಿಮಿಷ ಕಾಯಿಸಿದಳು. ಆಮೇಲೆ ತಾನೇ ನನ್ನ ಬೆರಳುಗಳ ಮೇಲೆ ಕೈಯಿಟ್ಟು ಒತ್ತಿದಳು. ಯಂತ್ರ ಹಸಿರು ದೀಪ ತೋರಿಸಿತು. ಬಿಟ್ಟು ಬರುವಾಗ ಮರಾಠಿಯಲ್ಲಿ ಆಜಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಮಗ್ಗ ನಡೆಸಲಿಕ್ಕೆ ಎಂದೆ. ನಂಬಿದಳೋ ಇಲ್ಲವೋ, ಚೆನ್ನಾಗಿ ನಡೆಸಿ ಎಂದಳು.

ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೊಣಕಾಲು ಮಡಚಿ ಕೂಡಬೇಕು, ಕೊಟ್ಟದ್ದನ್ನು ತಿನ್ನಬೇಕು, ಬಚ್ಚಲ ಸಣ್ಣದು. ನಮ್ಮ ಎಸ್‌ಟಿ ಬಸ್ಸಿನಲ್ಲಿ ಕಿಟಕಿಯಾದರೂ ತೆಗೆಯಬಹುದು.

ಕೆಮ್ನಿಟ್ಸ್

ಸವಿತಾ ಇರುವ ಊರಿನ ಹೆಸರು ಕೆಮ್ನಿಟ್ಸ್. ಒಂದು ಕಾಲಕ್ಕೆ ಅದೂ ನಮ್ಮ ಊರಿನಂತೆ ನೂಲು, ಬಟ್ಟೆ, ಮಗ್ಗಗಳ ಊರಂತೆ. ಈಗ ಗಿರಣಿಗಳ ಗೋಡೆ ಮಾತ್ರ ನಿಂತಿವೆ. ಒಳಗೆ ಮನೆ ಮಾಡಿಕೊಂಡು ಜನ ಇದ್ದಾರೆ, ಕಿಟಕಿಗೆ ಹೂವಿನ ಕುಂಡ ಇಟ್ಟಿದ್ದಾರೆ. ಪೇಟೆಯ ನಡುವೆ ಗಡ್ಡದ ಮನುಷ್ಯನೊಬ್ಬನ ದೊಡ್ಡ ತಲೆ ಇಟ್ಟಿದ್ದಾರೆ. ಬರೇ ತಲೆ. ಎರಡಂತಸ್ತಿನ ಮನೆಯಷ್ಟು ಎತ್ತರ. ಮೈ ಎಲ್ಲಿ ಎಂದು ಕೇಳಿದೆ. ಮಾಡಲಿಲ್ಲ ಎಂದಳು ಸವಿತಾ. ಅಷ್ಟು ದೊಡ್ಡ ತಲೆ ಮಾಡಿದ ಮೇಲೆ ಮೈ ಮಾಡಲು ಕಂಚು ಉಳಿದಿರಲಿಕ್ಕಿಲ್ಲ.

ಆ ಊರಿಗೆ ಸದ್ದಿಲ್ಲ. ಟ್ರಾಮಿನಲ್ಲಿ ಮೂವತ್ತು ಜನ ಕೂತಿದ್ದರೂ ಸದ್ದಿಲ್ಲ. ಮಗ್ಗದ ಗದ್ದಲದೊಳಗೆ ಬದುಕಿದವರ ದನಿ ಸಣ್ಣದಿರುವುದಿಲ್ಲ. ನಾನು ಒಂದು ಮಾತಾಡಿದರೆ ಇಡೀ ಡಬ್ಬಿ ತಿರುಗಿ ನೋಡುತ್ತಿತ್ತು. ರಸ್ತೆಯಲ್ಲಿ ಒಂದೂ ಗಾಡಿ ಇಲ್ಲದಿದ್ದರೂ ಕೆಂಪು ದೀಪ ಇದ್ದರೆ ನಿಲ್ಲುತ್ತಾರೆ. ಮೊದಲ ದಿನ ನಾನು ದಾಟಿಬಿಟ್ಟೆ. ಆ ಕಡೆ ಮಗುವಿನ ಕೈ ಹಿಡಿದು ನಿಂತಿದ್ದ ತಾಯಿಯೊಬ್ಬಳು ಏನೋ ಎಂದಳು. ನಾನು ದಾಟಿದ್ದನ್ನು ಆ ಮಗು ನೋಡಿತು, ಅದೂ ಹಾಗೇ ಕಲಿತೀತು ಎಂದು ತಾಯಿಗೆ ಬೇಸರವಾಗಿದೆ ಎಂದು ಸವಿತಾ ತಿಳಿಸಿ ಹೇಳಿದಳು. ಅಲ್ಲಿಂದ ಮುಂದೆ ನಾನೂ ನಿಂತೆ. ಬೈದದ್ದು ನನ್ನನ್ನಲ್ಲ, ಕಾಯ್ದದ್ದು ಮಗುವನ್ನು. ಅದಕ್ಕೆ ಏನು ಅನ್ನುವುದು?

ಮಗ್ಗ ಇದ್ದದ್ದು ಸವಿತಾ ಕೆಲಸ ಮಾಡುವ ಸಂಸ್ಥೆಯ ಕೆಳಗಿನ ಹಾಲಿನಲ್ಲಿ. ಅದನ್ನು ನೋಡಿಕೊಳ್ಳುವವನು ಊವೆ ಎಂಬ ಮುದುಕ, ನನಗಿಂತ ಎರಡು ಮೂರು ವರ್ಷ ಸಣ್ಣವನಿರಬೇಕು. ಚಿಕ್ಕಂದಿನಲ್ಲಿ ಗಿರಣಿಗೆ ಸೇರಿದವನು, ಗಿರಣಿ ಮುಚ್ಚಿದ ಮೇಲೆ ಮಗ್ಗದ ಸಂಗಡ ಇಲ್ಲಿಗೆ ಬಂದವನು. ನಾನು ಊವಪ್ಪ ಎಂದೆ, ಅದಕ್ಕೂ ಓಗೊಟ್ಟ. ದಿನಾ ಮುಂಜಾನೆ ಬಂದು ಎಲ್ಲರ ಕೈ ಕುಲುಕುತ್ತಾನೆ. ನಿನ್ನೆ ಸಂಜೆ ಬಿಟ್ಟು ಹೋದವರನ್ನೇ ವರ್ಷ ಕಳೆದು ಕಂಡವರಂತೆ ಕುಲುಕುತ್ತಾನೆ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಮಗ್ಗ ಶುರುವಾದ ಮೇಲೆ ಹೇಗೂ ಯಾರ ಮಾತೂ ಕೇಳಿಸುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಕೈಸನ್ನೆಯಿಂದಲೇ ಎಲ್ಲ ನಡೆಯುತ್ತದೆ. ಎರಡು ಬೆರಳು ಕತ್ತರಿಸಿದಂತೆ ಮಾಡಿದರೆ ಎಳೆ ಹರಿದಿದೆ ಎಂದು. ಊವಪ್ಪನೂ ಅದನ್ನೇ ಮಾಡಿದ. ಅರ್ಧ ದಿನದೊಳಗೆ ನಾವಿಬ್ಬರೂ ಒಂದೇ ಶೆಡ್ಡಿನವರಾದೆವು. ಅಲ್ಲಿಯ ನಿಯಮದಂತೆ ನನಗೂ ಕಬ್ಬಿಣದ ಮೂತಿಯ ಬೂಟು ಕೊಟ್ಟರು. ಕಚ್ಚೆ ಹಾಕಿದ ಸೀರೆಯ ಕೆಳಗೆ ಬೂಟು. ಫೋಟೋ ತೆಗೆಯಬೇಡ ಎಂದರೂ ಸವಿತಾ ತೆಗೆದಳು.

ಹರಳಿನ ಕೋಣೆ

ಹರಳನ್ನು ಸವಿತಾ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದಳು. ಕಣ್ಣಿಗೆ ಬರೇ ಗಾಜಿನ ಚೂರು. ದೊಡ್ಡದಾಗಿ ನೋಡಿದರೆ ಅದರ ಮೇಲೆ ಬೆಳ್ಳಿಯ ಗೆರೆಗಳು, ಎರಡು ಬಾಚಣಿಗೆಗಳ ಹಲ್ಲನ್ನು ಒಂದರೊಳಗೊಂದು ಕೂಡಿಸಿಟ್ಟಂತೆ. ಇದು ಫಣಿ ಅಲ್ಲೇನ ಎಂದೆ. ಮಗ್ಗದಲ್ಲಿ ಎಳೆಗಳನ್ನು ಬೇರೆ ಬೇರೆ ಹಿಡಿಯುವ ಹಲ್ಲಿನ ಚೌಕಟ್ಟಿಗೆ ನಾವು ಫಣಿ ಎನ್ನುತ್ತೇವೆ. ಸವಿತಾ ನಕ್ಕು ಹೌದು, ಫಣಿಯೇ ಎಂದಳು.

ಆ ಫಣಿಗೆ ವಿದ್ಯುತ್ತು ಮುಟ್ಟಿಸಿದರೆ ಹರಳು ನಡುಗುತ್ತದಂತೆ. ನಡುಕ ಅಲೆಯಾಗಿ ಓಡುತ್ತದೆ. ಹರಳಿನ ಹೊಟ್ಟೆಯೊಳಗೆ ಇಳಿಯುವುದಿಲ್ಲ, ಮೈಮೇಲೆಯೇ ಓಡುತ್ತದೆ, ಕಾಸಿದ ಹಾಲಿನ ಪಾತ್ರೆ ತಟ್ಟಿದಾಗ ಕೆನೆಯ ಮೇಲೆ ನಡುಕ ಹೋಗುವ ಹಾಗೆ. ಆ ತುದಿ ಮುಟ್ಟಿ ತಿರುಗಿ ಬಂದು ಮತ್ತೆ ವಿದ್ಯುತ್ತಾಗುತ್ತದೆ. ಮಗ್ಗದ ಹಿಂದೆ ಎಳೆಗಳೆಲ್ಲ ಒಂದು ಕಬ್ಬಿಣದ ಪಟ್ಟಿಯ ಮೇಲೆ ಹಾಯ್ದು ಬರುತ್ತವೆ. ಹರಳನ್ನು ಅಂಟಿಸಿದ್ದು ಆ ಪಟ್ಟಿಗೆ. ಎಳೆ ಬಿಗಿಯಾದರೆ ಪಟ್ಟಿ ಕೂದಲೆಳೆಯಷ್ಟು ಬಾಗುತ್ತದೆ, ಹರಳು ಅದರ ಸಂಗಡ ಹಿಗ್ಗುತ್ತದೆ, ಅಲೆ ಬರುವುದು ತಡವಾಗುತ್ತದೆ. ಹರಳಿಗೆ ತಂತಿ ಇಲ್ಲ, ಬ್ಯಾಟರಿ ಇಲ್ಲ. ದೂರದ ಪೆಟ್ಟಿಗೆ ರೇಡಿಯೋದಂತೆ ಕರೆ ಕೊಡುತ್ತದೆ, ಹರಳು ತಿರುಗಿ ಓಗೊಡುತ್ತದೆ.

ಸವಿತಾಳ ಕೆಲಸ ಆ ಪೆಟ್ಟಿಗೆಯದು. ಅಲೆ ಎಷ್ಟು ತಡವಾಯಿತು ಎಂದು ಪೆಟ್ಟಿಗೆ ಅಳೆಯಬೇಕು. ಕೋಣೆ ಬಿಸಿಯಾದರೂ ಅಲೆ ಅತ್ತಿತ್ತ ಆಗುತ್ತದೆ, ಆ ತಪ್ಪನ್ನು ಕಳೆಯಬೇಕು. ಕಳೆದು ಉಳಿದದ್ದನ್ನು ನೋಡಿ ಬೀಮಿನ ಮೋಟಾರಿಗೆ ಬಿಡು ಎನ್ನಬೇಕು, ಹಿಡಿ ಎನ್ನಬೇಕು. ಇಷ್ಟನ್ನು ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ ಮಾಡಬೇಕು. ಆ ಹಿಡಿತ ಕೂಡಿಸಲಿಕ್ಕೇ ಅವಳ ಮೂರು ವರ್ಷ ಹೋಗಿವೆ.

ಎರಡು ದಿನ ನನ್ನ ಕೈಯನ್ನೂ ಪೆಟ್ಟಿಗೆಯನ್ನೂ ಹೋಲಿಸಿ ನೋಡಿದರು. ನಾನು ಹಾಸಿನ ಮೇಲೆ ಮುಂಗೈ ಸವರಿ ಬಿಗಿ ಎಂದರೆ ಸವಿತಾ ಅಂಕಿ ಓದುತ್ತಿದ್ದಳು. ಬಹಳ ಸಲ ಇಬ್ಬರೂ ಒಂದೇ ಹೇಳಿದೆವು. ಒಮ್ಮೆ ಹೊಂದಲಿಲ್ಲ. ನಾನು ಪೆಟ್ಟಿಗೆಯದು ತಪ್ಪು ಎಂದೆ. ಊವಪ್ಪ ಎಳೆಗೆ ತೂಕ ಕಟ್ಟಿ ಅಳೆದು ನೋಡಿದ, ತಪ್ಪು ನನ್ನದಿತ್ತು. ಇರಲಿ, ವಯಸ್ಸಾಯಿತು.

ಸವಿತಾಳ ಮೇಲಿನವರು ಹೈಕೆ ಎಂಬ ಬಾಯಾರು. ಓದಿಸುವ ಹೆಂಗಸರಿಗೆ ನಮ್ಮಲ್ಲಿ ಬಾಯಾರು ಎನ್ನುತ್ತಾರೆ. ಕಟ್ಟಿಗೆಯಂಥ ಉದ್ದನೆಯ ಹೆಂಗಸು, ನಗುವುದು ಕಡಿಮೆ. ಬಂದ ದಿನ ನನ್ನ ಕೈ ಹಿಡಿದು ಬೆರಳಿನ ತುದಿಗಳನ್ನು ಮುಟ್ಟಿ ನೋಡಿದರು. ತಮ್ಮ ಅಜ್ಜಿಯದೂ ಹೀಗೇ ಇತ್ತು ಎಂದರಂತೆ. ಆ ಅಜ್ಜಿಯೂ ಅದೇ ಊರಿನ ಗಿರಣಿಯಲ್ಲಿ ಇದ್ದವಳು.

ಬುಧವಾರ

ಗುರುವಾರ ಕಂಪನಿಯವರು ಬರುವುದು. ಬುಧವಾರ ಮುಂಜಾನೆ ಹೊಸ ಬೀಮು ಏರಿಸಿದೆವು, ನಮ್ಮೂರಿನ ನೂಲಿನದು. ಊವಪ್ಪ ಹೊಸ ಹರಳು ಅಂಟಿಸಿ ಅಂಟು ಒಣಗಲೆಂದು, ಧೂಳು ಬೀಳದಂತೆ ಹರಳಿನ ಮೇಲೆ ಹಾಕುವ ಮುಚ್ಚಳವನ್ನು ತೆಗೆದಿಟ್ಟು ಹೋಗಿದ್ದ. ಸವಿತಾ ಮತ್ತು ಬಾಯಾರು ಮೇಲಿನ ಕೋಣೆಯಲ್ಲಿದ್ದರು. ಹಾಲಿನಲ್ಲಿ ನಾನೊಬ್ಬಳೇ.

ನಮ್ಮಲ್ಲಿ ಹೊಸ ಬೀಮಿಗೆ ಅರಿಷಿಣ ಕುಂಕುಮ ಹಚ್ಚದೆ ಯಾರೂ ಮಗ್ಗ ಶುರು ಮಾಡುವುದಿಲ್ಲ. ದೇವರನ್ನು ಅಷ್ಟಕ್ಕಷ್ಟೇ ನಂಬುವ ಶಿವಾನಂದನೂ ಹಚ್ಚುತ್ತಾನೆ. ನನ್ನ ಸೊಂಟದ ಚೀಲದಲ್ಲಿ ಕುಂಕುಮದ ಡಬ್ಬಿ ಯಾವಾಗಲೂ ಇರುತ್ತದೆ. ಬೆರಳು ಒದ್ದೆ ಮಾಡಿಕೊಂಡು ಬೀಮಿಗೆ ಹಚ್ಚಿದೆ, ಲಾಳಿಗೆ ಹಚ್ಚಿದೆ, ಮಗ್ಗದ ಎರಡೂ ಕಾಲಿಗೆ ಹಚ್ಚಿದೆ. ಹಿಂದಿನ ಪಟ್ಟಿಯ ಮೇಲೆ ಹರಳು ಹೊಳೆಯುತ್ತಿತ್ತು. ಇಷ್ಟೆಲ್ಲ ಇದರ ಸಲುವಾಗಿಯೇ ನಡೆದಿದೆ ಎಂದು ಅದರ ಬದಿಗೂ ಒಂದು ಬೊಟ್ಟು ಇಟ್ಟೆ. ಹರಳು ಮುಟ್ಟಬ್ಯಾಡ ಎಂದು ನಾನು ಬಂದ ದಿನವೇ ಸವಿತಾ ಹೇಳಿದ್ದಳು. ಕುಂಕುಮ ಹಚ್ಚುವುದು ಮುಟ್ಟುವುದು ಎಂದು ನನಗೆ ಅನ್ನಿಸಲಿಲ್ಲ.

ಊವಪ್ಪ ಬಂದು ಚಷ್ಮಾ ಹಣೆಗೇರಿಸಿಕೊಂಡೇ ಮುಚ್ಚಳ ಹಾಕಿ ಸ್ಕ್ರೂ ತಿರುವಿದ. ಸವಿತಾ ಪೆಟ್ಟಿಗೆ ಚಾಲೂ ಮಾಡಿದಳು. ಹರಳು ಓಗೊಟ್ಟಿತು. ಮಗ್ಗ ಶುರುವಾಯಿತು. ಒಂದು ಗೇಣು ಬಟ್ಟೆ ಚೆನ್ನಾಗಿಯೇ ಬಂತು. ಆಮೇಲೆ ಎಳೆಗಳ ಸದ್ದು ಬದಲಾಯಿತು, ತಂತಿ ಮೀಟಿದಂತೆ. ನಾನು ಕೈ ಎತ್ತಿದೆ. ಊವಪ್ಪ ಓಡಿ ಬಂದು ಹಿಡಿಕೆ ತಳ್ಳುವುದರೊಳಗೆ ಹಾಸಿನ ಎಡಗಡೆಯ ಎಳೆಗಳೆಲ್ಲ ಪಟಪಟನೆ ಹರಿದು ಹಿಂದಕ್ಕೆ ಬಿದ್ದವು.

ಮಗ್ಗ ನಿಂತಿತು. ಸವಿತಾ ಪೆಟ್ಟಿಗೆಯ ಕಡೆ ಓಡಿದಳು.

ಅಲ್ಲಿಂದ ಮೂರು ತಾಸು ಅವಳು ಪೆಟ್ಟಿಗೆಯನ್ನು ಬಿಚ್ಚಿ ಕೂತಳು. ತಂತಿ ಬದಲಿಸಿದಳು, ಬರೆದದ್ದನ್ನು ಮತ್ತೆ ಓದಿದಳು. ಪೆಟ್ಟಿಗೆ ಹರಳನ್ನು ಕರೆಯುತ್ತಿತ್ತು, ಹರಳು ಓಗೊಡುತ್ತಿರಲಿಲ್ಲ. ಓಗೊಡದ್ದನ್ನು ಪೆಟ್ಟಿಗೆ ಎಳೆ ಸಡಿಲಾಗಿದೆ ಎಂದು ತಿಳಿದು ಬೀಮನ್ನು ಹಿಡಿದುಬಿಟ್ಟಿತ್ತು. ಮುಂದುಗಡೆ ಬಟ್ಟೆ ಸುತ್ತಿಕೊಳ್ಳುತ್ತಲೇ ಇತ್ತು. ಎಳೆ ಹರಿಯದೆ ಏನು ಮಾಡೀತು? ನಾಳೆ ಬರಬೇಡಿ ಎಂದು ಕಂಪನಿಯವರಿಗೆ ತಿಳಿಸೋಣವೇ ಎಂದು ಬಾಯಾರು ಕೇಳಿದರು. ಇವತ್ತು ಬೇಡ ಎಂದರೆ ಅವರು ಮತ್ತೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾನು ಹರಿದ ಎಳೆಗಳನ್ನು ಒಂದು ಕಡೆಯಿಂದ ಗಂಟು ಹಾಕುತ್ತ ಕೂತಿದ್ದೆ. ಸವಿತಾ ಬಂದು ನನ್ನ ಬದಿಗೆ ನೆಲದ ಮೇಲೆ ಕುಳಿತಳು.

"ನನ್ನ ಲೆಕ್ಕಾನ ತಪ್ಪೈತಿ ಆಯಿ" ಎಂದಳು. "ಹರಳು ಚಲೋ ಐತಿ. ಅದರ ಮೈಮ್ಯಾಲ ಏನರ ಬಿದ್ರ ಅಲಿ ಸಾಯ್ತೈತಿ, ಆದ್ರ ಮುಚ್ಚಳ ಐತೆಲ್ಲ. ಧೂಳ ಸುದ್ದಾ ಹೋಗೂದಿಲ್ಲ."

ನನ್ನ ಕೈ ನಿಂತಿತು.

"ಎಷ್ಟ ಧೂಳ ಬಿದ್ರ ಸಾಯ್ತೈತಿ?"

"ಚಿಟಿಕಿ ಸಾಕು."

"ಕುಂಕುಮದ್ದು?"

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ: "ಮುಚ್ಚಳ ಹಾಕೂಕಿಂತ ಮೊದಲ ನಾ ಹಚ್ಚೇನಿ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಬರೋಬರಿ ಇರುತ್ತಿತ್ತು. ಎದ್ದು ಹೋಗಿ ಊವಪ್ಪನ ಕೈಯಿಂದ ಸ್ಕ್ರೂ ಬಿಚ್ಚಿಸಿದಳು. ಬದಿಗೆ ಇಟ್ಟಿದ್ದ ಬೊಟ್ಟು ಒಣಗಿ, ಮಗ್ಗದ ನಡುಕಕ್ಕೆ ಉದುರಿ, ಹರಳಿನ ತುಂಬ ಹರಡಿತ್ತು. ಊವಪ್ಪ ಆ ಕೆಂಪನ್ನು ನೋಡಿದ, ನನ್ನ ಹಣೆ ನೋಡಿದ, ತನ್ನ ಚಷ್ಮಾ ಇಳಿಸಿ ಹಾಕಿಕೊಂಡ. ತಾನು ನೋಡದೆ ಮುಚ್ಚಿದ್ದು ತಪ್ಪು ಎಂದು ಸವಿತಾಳಿಗೆ ಎರಡು ಸಲ ಹೇಳಿದನಂತೆ. ಬೇರೆಯವನಾಗಿದ್ದರೆ ಎಲ್ಲವನ್ನೂ ನನ್ನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ. ಹಾಕಿದ್ದರೂ ಸುಳ್ಳಾಗುತ್ತಿರಲಿಲ್ಲ.

ಸ್ಪಿರಿಟ್ಟಿನಿಂದ ತೊಳೆದ ಮೇಲೆ ಹರಳಿಗೆ ಜೀವ ಬಂತು. ಸವಿತಾ ಉಸಿರು ಬಿಟ್ಟಳು. ಕುಂಕುಮದ ತಪ್ಪು, ಲೆಕ್ಕದ್ದಲ್ಲ, ನಾಳೆ ನಡೆಯುತ್ತದೆ ಎಂದಳು.

ನನಗೆ ಸುಮ್ಮನಿರಲಿಕ್ಕೆ ಆಗಲಿಲ್ಲ. ತಪ್ಪು ಮಾಡಿದವಳು ಬಾಯಿ ಮುಚ್ಚಬೇಕು, ಗೊತ್ತು. ಆದರೆ ಹರಿದ ಎಳೆ ನನ್ನ ಕೈಯಲ್ಲೇ ಇದ್ದವು.

"ಕುಂಕುಮ ನಂದು. ಖರೆ, ಎಳಿ ಹರದದ್ದು ನಿನ್ನ ಪೆಟಗಿ" ಎಂದೆ. "ನಮ್ಮ ಶೆಡ್ಡಿನ್ಯಾಗ ಹೊಸಾ ಮನಷ್ಯಾಗ ಮೊದಲನೇ ದಿನ ಏನ ಹೇಳತೇವಿ? ಎಳಿ ಹೆಂಗೈತಿ ತಿಳೀಲಿಲ್ಲಂದ್ರ ಬೀಮಿಗೆ ಕೈ ಹಚ್ಚಬ್ಯಾಡ, ಮಗ್ಗ ಬಂದ್ ಮಾಡು. ನಿನ್ನ ಪೆಟಗಿಗೆ ಏನೂ ಕೇಳಸಲಿಲ್ಲ. ಕೇಳಸಲಿಲ್ಲ ಅನ್ನೂದು ಬಿಟ್ಟು ಸಡ್ಲ ಐತಿ ಅಂತು."

"ಆಯಿ, ಈಗ ನೀ ಸುಮ್ನಿರು."

ಬಾಯಾರು ನಾನು ಏನೆಂದೆ ಎಂದು ಕೇಳಿದರು. ಸವಿತಾ ಏನಿಲ್ಲ ಎಂದಿರಬೇಕು. ಅವರು ಬಿಡಲಿಲ್ಲ. ಕೊನೆಗೆ ಸವಿತಾ ನೆಲ ನೋಡುತ್ತ ತಿಳಿಸಿದಳು. ಬಾಯಾರು ಪೆಟ್ಟಿಗೆಯ ಹತ್ತಿರ ಹೋದರು. ಆಮೇಲೆ ತಮ್ಮ ನೋಟ್‌ಬುಕ್ಕಿನ ಹಳೇ ಪುಟವೊಂದನ್ನು ತೆಗೆದು ತೋರಿಸಿದರು. ಅಲೆ ಕಳೆದುಹೋದರೆ ಏನು ಮಾಡಬೇಕು ಎಂದು ಅವರೇ ಒಂದು ಸಾಲು ಬರೆದಿಟ್ಟಿದ್ದರು, ಕೆಳಗೆ ಉತ್ತರ ಬರೆದಿರಲಿಲ್ಲ. ಹರಳಿಗೆ ಯಾವಾಗಲೂ ಮುಚ್ಚಳ ಇರುವುದರಿಂದ ಆ ಮಾತು ಹಿಂದೆ ಬಿದ್ದಿತ್ತಂತೆ. ಮುಚ್ಚಳ ಒಡೆಯುತ್ತದೆ ಎಂದೆ. ನಮ್ಮ ಶೆಡ್ಡಿನಲ್ಲಿ ಏನು ಒಡೆಯುವುದಿಲ್ಲ? ಸಂಜೆಯ ಹೊತ್ತಿಗೆ ಹತ್ತಿಯ ನವಿರು ಬಿದ್ದು ಬಿದ್ದು ಮನುಷ್ಯರ ಹುಬ್ಬು ಬೆಳ್ಳಗಾಗಿರುತ್ತದೆ.

ಹರಳು ಓಗೊಡದಿದ್ದರೆ ಮಗ್ಗ ನಿಲ್ಲಿಸು ಎಂಬ ಹೊಸ ಮಾತನ್ನು ಪೆಟ್ಟಿಗೆಗೆ ಕಲಿಸಲು ಸವಿತಾ ಕೂತಳು. ಊವಪ್ಪ ಮತ್ತು ನಾನು ಮಗ್ಗದ ಎರಡು ಕಡೆ ಕೂತು ಗಂಟು ಹಾಕಿದೆವು. ಮುನ್ನೂರಕ್ಕೆ ಹೆಚ್ಚು ಎಳೆ. ಅವನು ಎರಡು ಹಾಕುವುದರೊಳಗೆ ನಾನು ಐದು ಹಾಕುತ್ತಿದ್ದೆ. ಅವನು ನಿಲ್ಲಿಸಿ ನನ್ನ ಬೆರಳು ನೋಡುತ್ತಿದ್ದ, ಮತ್ತೆ ಹಾಕುತ್ತಿದ್ದ. ಬಾಯಾರು ಡಬ್ಬಿಯಲ್ಲಿ ಅನ್ನ ತಂದು ಕೊಟ್ಟರು. ಅವರಿಗೆ ಮಾಡಲು ಬಾರದು, ಮುದ್ದೆಯಾಗಿತ್ತು, ಉಪ್ಪಿರಲಿಲ್ಲ. ಇವಳು ಬ್ರೆಡ್ಡು ತಿನ್ನುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟು, ತಮ್ಮ ಕೆಲಸ ಬಿಟ್ಟು ಮನೆಗೆ ಹೋಗಿ ಕುದಿಸಿ ತಂದಿದ್ದರು. ಅವರ ಮೂರು ವರ್ಷದ ಕೆಲಸ ಕೆಡಿಸಿದವಳಿಗೆ. ಅಷ್ಟನ್ನೂ ತಿಂದೆ.

ಸಂಜೆ ಸವಿತಾ ಪೆಟ್ಟಿಗೆ ಮುಚ್ಚಿ ಎದ್ದಳು. ಟ್ರಾಮಿನಲ್ಲಿ ನಾವಿಬ್ಬರೂ ಆ ಊರಿನವರ ಹಾಗೆ ಕೂತು ಹೋದೆವು.

ಗುರುವಾರ

ಕಂಪನಿಯಿಂದ ಮೂವರು ಬಂದರು. ಮಾತಾಡಿದವಳು ಒಬ್ಬಳೇ, ಕೂದಲು ಕತ್ತರಿಸಿದ ನಡುವಯಸ್ಸಿನ ಹೆಂಗಸು. ಕೈಕಟ್ಟಿ ನಿಂತಳು. ನಾನು ಹಿಡಿಕೆ ಎಳೆದೆ, ಮಗ್ಗ ನಡೆಯಿತು. ಊವಪ್ಪ ಬಿಸಿಗಾಳಿಯ ಯಂತ್ರ ಹಿಡಿದು ಪಟ್ಟಿಯನ್ನು ಕಾಯಿಸಿದ, ಹಿಡಿತ ತಪ್ಪಲಿಲ್ಲ. ಮುಚ್ಚಳದ ಮೇಲೆ ಹತ್ತಿಯ ನವಿರು ಸುರಿದರು, ತಪ್ಪಲಿಲ್ಲ. ಒಂದು ಮಾರು ಬಟ್ಟೆ ಬಂತು. ನಮ್ಮ ಮಾರ್ಕೆಟ್ಟಿನಲ್ಲಿ ಯಾರೂ ಕುಂದು ಹೇಳದಂಥ ಬಟ್ಟೆ.

ಆ ಹೆಂಗಸು ಬಗ್ಗಿ ಮುಚ್ಚಳದ ಸ್ಕ್ರೂ ನೋಡಿದಳು. ತೊಳೆದರೂ ಅಂಚಿನಲ್ಲಿ ಕೆಂಪು ಉಳಿದಿತ್ತು. ಇದೇನು ಎಂದು ಕೇಳಿದಳು. ಏನೋ ಬಣ್ಣ ಎಂದರೆ ಮುಗಿದುಹೋಗುತ್ತಿತ್ತು. ಸವಿತಾ ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ನಿನ್ನೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಭಾಷೆ ತಿಳಿಯದಿದ್ದರೂ ಎಲ್ಲಿಗೆ ಬಂದಳು ಎಂಬುದು ನನಗೆ ಗೊತ್ತಾಗುತ್ತಿತ್ತು, ಅವಳ ಕೈ ಎಳೆ ಹರಿದದ್ದನ್ನು ತೋರಿಸುತ್ತಿತ್ತು. ಜೊತೆಗೆ ಬಂದ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುಗಿಯಿತು ಎಂದುಕೊಂಡೆ.

ಆ ಹೆಂಗಸು ನನ್ನ ಕಡೆ ತಿರುಗಿ ಏನೋ ಹೇಳಿದಳು.

"ಏನಂತಾಳ?"

"ಮುಚ್ಚಳ ತಗೀತೇವಿ, ಮಗ್ಗ ನಡಿಯೂದ್ರಾಗನ ಹರಳಿಗೆ ಇನ್ನೊಮ್ಮಿ ಹಚ್ಚಂತಾಳ."

"ನಿಂದೇನಂತಿ? ನಿನ್ನ ಪೆಟಗಿ ಮ್ಯಾಲ ನಿನಗ ಭರವಸಾ ಐತೇನ?"

ಪೆಟ್ಟಿಗೆ ನೋಡಿದಳು. "ಐತಿ" ಎಂದಳು.

ಊವಪ್ಪ ಮುಚ್ಚಳ ತೆಗೆದ. ನಾನು ಬೂಟು ಕಳಚಿ ಬದಿಗಿಟ್ಟೆ. ಯಾಕೆ ಕಳಚಿದೆನೋ ಗೊತ್ತಿಲ್ಲ, ಹಚ್ಚುವಾಗ ಕಾಲಲ್ಲಿ ಏನೂ ಇರಬಾರದು ಎಂದು ರೂಢಿ. ಯಾರೂ ಬೇಡ ಎನ್ನಲಿಲ್ಲ. ಮಗ್ಗ ಪೂರಾ ವೇಗದಲ್ಲಿ ಹೊಡೆಯುತ್ತಿತ್ತು. 'ಮಗ್ಗ ತಾಯಿ, ಹುಡುಗಿಯ ಹೊಟ್ಟೆಯ ಮೇಲೆ ಹೊಡೆಯಬೇಡ' ಎಂದು ಮನಸ್ಸಿನಲ್ಲಿ ಅಂದುಕೊಂಡು, ತುಂಬ ಕುಂಕುಮ ಹಿಡಿದ ಬೆರಳನ್ನು ಹರಳಿನ ಮೇಲೆ ಒತ್ತಿದೆ.

ಮಗ್ಗ ನಿಂತುಬಿಟ್ಟಿತು. ಪೆಟ್ಟಿಗೆಯ ಮೇಲೆ ಹಳದಿ ದೀಪ ಹತ್ತಿತು. ಸದ್ದು ಎಷ್ಟು ಒಮ್ಮೆಲೇ ಹೋಯಿತೆಂದರೆ ನನ್ನ ಕಿವಿ ಗುಂಯ್ ಎಂದವು.

ನಾನು ಕೈ ಒರೆಸಿಕೊಂಡು ಹಾಸಿನ ಮೇಲೆ ಮುಂಗೈ ಸವರಿದೆ, ಈ ಅಂಚಿನಿಂದ ಆ ಅಂಚಿನವರೆಗೆ. ಒಂದೂ ಎಳೆ ಹರಿದಿರಲಿಲ್ಲ. ಒಂದೂ ಬಿಗಿದಿರಲಿಲ್ಲ. ಊವಪ್ಪ ತನ್ನ ಕೈಯಿಂದಲೂ ಸವರಿ ನೋಡಿ, ಎಲ್ಲರ ಕೈ ಕುಲುಕಿದ. ಕಂಪನಿಯ ಹೆಂಗಸು ತನ್ನ ಕಾಗದದ ಮೇಲೆ ಬರೆಯುತ್ತ ಬರೆಯುತ್ತ ಬಾಗಿಲ ಕಡೆ ಹೋದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಿಳಿಸುತ್ತೇವೆ ಎಂದಳು.

ಅವರು ಹೋದ ಮೇಲೆ ಸವಿತಾ ನನ್ನ ಬೂಟು ಎತ್ತಿಕೊಂಡು ಬಂದಳು. ಕೆಳಗೆ ಕೂತು ತಾನೇ ನನ್ನ ಕಾಲಿಗೆ ಹಾಕಿದಳು. ನಾನು ಹಾಕಿಸಿಕೊಂಡೆ.

ಇಚಲಕರಂಜಿ

ಉತ್ತರ ಬರುವುದರೊಳಗೆ ನಾನು ತಿರುಗಿ ಬಂದಿದ್ದೆ. ಬಂದ ದಿನ ನಮ್ಮ ಓಣಿಯ ಗದ್ದಲ ಕಿವಿಗೆ ಬಿದ್ದಾಗ ಎದೆ ಹಗುರಾಯಿತು. ಊವಪ್ಪ ಕೊಟ್ಟ ಸಣ್ಣ ಕತ್ತರಿ ಈಗ ನನ್ನ ಚೀಲದಲ್ಲಿದೆ, ಎಳೆ ಕತ್ತರಿಸಲು ಅದರಂಥದ್ದು ಇಲ್ಲಿ ಸಿಗುವುದಿಲ್ಲ. ಬಾಯಾರಿಗೆ ಇಲ್ಲಿಂದ ಬೆಲ್ಲ ಕಳಿಸಿದ್ದೇನೆ. ಅದನ್ನು ಅವರು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರಂತೆ, ತಿನ್ನಲಿ. ಆ ಜನ ನನಗೆ ಮಾಡಿದ್ದನ್ನು ನಾನು ತೀರಿಸಲಾರೆ. ಪರ ಊರಿನ ಮುದುಕಿ ಬಂದು ಕೆಲಸ ಕೆಡಿಸಿದರೆ ನಮ್ಮ ಶೆಡ್ಡಿನಲ್ಲಿ ನಾನೇ ಆಕೆಯನ್ನು ಹೊರಗೆ ಕಳಿಸುತ್ತಿದ್ದೆ.

ನಾನು ಬಂದ ಒಂಬತ್ತನೇ ದಿನ ಮಧ್ಯಾಹ್ನ ಸವಿತಾಳ ಫೋನು ಬಂತು. ನಾನು ಶೆಡ್ಡಿನಲ್ಲಿದ್ದೆ, ಕೇಳಿಸಲಿಲ್ಲ, ಹೊರಗೆ ಬಂದು ಇನ್ನೊಮ್ಮೆ ಹೇಳು ಎಂದೆ.

"ಹೂಂ ಅಂದಾರ ಆಯಿ. ಇನ್ನ ಎರಡ ವರ್ಷ ಕೆಲಸ ಐತಿ. ಆದ್ರ ಇಲ್ಲಿ ಅಲ್ಲಂತ. ಖರೇ ಶೆಡ್ಡಿನ್ಯಾಗ ಹಚ್ಚಿ ನಡಸಿ ತೋರಸ್ರಿ ಅಂತಾರ. ನಾ ನಮ್ಮ ಶೆಡ್ಡ ಹೇಳೇನಿ. ಅಪ್ಪಗ ನೀ ಹೇಳತಿ?"

ಹೇಳುತ್ತೇನೆ ಎಂದೆ. ಫೋನಿಟ್ಟು ಒಳಗೆ ಹೋದೆ. ಶಿವಾನಂದ ಮೂರನೇ ಮಗ್ಗದ ಹತ್ತಿರ ನಿಂತಿದ್ದ. ಅದರ ಬೀಮು ಮುಗಿಯುತ್ತ ಬಂದಿತ್ತು, ಹೊಸದು ಬಾಗಿಲಲ್ಲಿ ಬಂದು ನಿಂತಿತ್ತು. ಅವನ ಭುಜ ಮುಟ್ಟಿ, ಹೊಸ ಬೀಮು ತೋರಿಸಿ, ಬೇಡ ಎಂದು ಕೈ ಆಡಿಸಿದೆ. ಅವನು ಯಾಕೆ ಎಂದು ಹುಬ್ಬೇರಿಸಿದ. ಸವಿತಾ ಹರಳು ತರುವವರೆಗೆ ಈ ಮಗ್ಗ ಖಾಲಿ ಇರಲಿ ಎಂದು ಸನ್ನೆ ಮಾಡಿದೆ. ನಮ್ಮ ಶೆಡ್ಡಿನಲ್ಲಿ ಮಗ್ಗ ಖಾಲಿ ಇಡುವ ಸನ್ನೆಯೇ ಇಲ್ಲ. ಅವನಿಗೆ ತಿಳಿಯಲಿಕ್ಕೆ ಮೂರು ಸಲ ಮಾಡಬೇಕಾಯಿತು.